ಕಲಹಕ್ಕೆ ಪ್ರೀತಿಯ ಉತ್ತರ

ಹುಟ್ಟಿದ ಊರನ್ನು ಬಿಟ್ಟು, ಉದ್ಯೋಗವನ್ನೋ ವ್ಯಾಪಾರವನ್ನೋ ಅರಸಿ ಪರಸ್ಥಳಕ್ಕೆ ಬಂದು ನೆಲಸಿದವರಿಗೆ ನೆರೆಹೊರೆಯೇ ಬಂಧುಬಳಗ. ನಮ್ಮ ರಾಮದಾಸಪೇಠದಂತಹ ಬಡಾವಣೆಯಲ್ಲಿ ಒಂದೇ ಕಟ್ಟಡದ ಮೆಟ್ಟಿಲುಗಳನ್ನು ಹತ್ತಿ ಇಳಿಯುವವರಲ್ಲಿ ಮರಾಠಿ, ಹಿಂದಿ, ಕನ್ನಡ, ತೆಲುಗು, ಸಿಂಧಿ ಮನೆಮಾತಿನವರೆಲ್ಲರೂ ಇರುತ್ತಾರೆ. ಹಿಂದೂಗಳು, ಬೌದ್ಧರು, ಜೈನರು, ಮುಸಲ್ಮಾನರು, ಕ್ರೈಸ್ತರು ಒಂದೇ ಅಂಗಡಿಯಲ್ಲಿ ಹಾಲು, ತರಕಾರಿ ಕೊಳ್ಳುತ್ತಾರೆ. ೧೯೫೬ರ ಅಕ್ಟೋಬರ್ ೧೪ರಂದು ಡಾ. ಅಂಬೇಡ್ಕರರು ಬೌದ್ಧ ಧರ್ಮವನ್ನು ಸ್ವೀಕರಿಸಿದ ದೀಕ್ಷಾಭೂಮಿಯೂ ಇಲ್ಲಿಗೆ ದೂರವಲ್ಲ. ಇಷ್ಟು ಬಗೆಯ ಜನ ಒಟ್ಟಿಗೆ ಬಾಳುವೆಡೆಯಲ್ಲಿ ಮಾತಿಗೆ ಮಾತು ಬೆಳೆದು, ಮನಸ್ಸು ಮುರಿಯುವ ಪ್ರಸಂಗಗಳು ಬಾರದೆ ಇರವು.

ಸ್ಮರಣ ಸಂಚಿಕೆಯ ಆರೋಗ್ಯದ ಪುಟಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಕುರಿತು ನಾವು ಓದುತ್ತೇವೆ. ಹಗೆಯೂ ಒಂದು ಬೇನೆಯೇ. ಅದು ಹಿಡಿದವನನ್ನು ಮೊದಲು ಸುಡುತ್ತದೆ, ಅನಂತರ ಮನೆಯನ್ನು, ಕೇರಿಯನ್ನು. ಈ ಬೇನೆಗೆ ಕ್ರೈಸ್ತ ಧರ್ಮವು ಸೂಚಿಸುವ ಚಿಕಿತ್ಸೆ ಯಾವುದು, ಅದನ್ನು ನಿಜವಾಗಿ ಆಚರಿಸಿದವರು ಯಾರು, ವೈದ್ಯಶಾಸ್ತ್ರವು ಅದನ್ನು ಕುರಿತು ಏನು ಹೇಳುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಾಚಕರಲ್ಲಿ ಹೆಚ್ಚಿನವರು ಬೇರೆ ಬೇರೆ ಧರ್ಮಗಳಿಗೆ ಸೇರಿದವರು. ಆದರೆ ಒಬ್ಬರ ಮನೆಯ ಮದ್ದು ಇನ್ನೊಬ್ಬರ ನೋವಿಗೂ ಒದಗಬಾರದೆಂಬ ನಿಯಮವೇನೂ ಇಲ್ಲವಷ್ಟೆ.

ಯೇಸುವಿನ ಬೋಧನೆ

ಮತ್ತಾಯನ ಸುವಾರ್ತೆಯ ೫, ೬, ೭ನೆಯ ಅಧ್ಯಾಯಗಳಲ್ಲಿ ಬರುವ ಉಪದೇಶಕ್ಕೆ ಪರ್ವತ ಪ್ರಸಂಗವೆಂದು ಹೆಸರು. ವೈರಿಗಳನ್ನು ಪ್ರೀತಿಸಬೇಕು, ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕು, ದೇವರಿಗೆ ಕಾಣಿಕೆ ಅರ್ಪಿಸಲು ಹೊರಟವನಿಗೆ ಸೋದರನೊಡನೆ ಮನಸ್ತಾಪವಿರುವುದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಎಂದು ಅಲ್ಲಿ ಹೇಳಿದೆ. ಈ ಕೊನೆಯ ಮಾತು ವಿಚಾರಾರ್ಹವಾದುದು. ಪೂಜೆಗಿಂತ ಮೊದಲು ರಾಜಿ. ದೇವಾಲಯದ ಹೊಸ್ತಿಲಿಗಿಂತ ಮೊದಲು ನೆರೆಮನೆಯ ಹೊಸ್ತಿಲು.

ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನು ತೋರಿಸುವ ಮಾತನ್ನು ಹಲವರು ಹೇಡಿತನದ ಬೋಧನೆಯೆಂದು ಹಾಸ್ಯ ಮಾಡುವುದುಂಟು. ಆದರೆ ಸುವಾರ್ತೆಯು ಬಲಗೆನ್ನೆಯನ್ನೇ ಹೆಸರಿಸುತ್ತದೆ. ಎದುರಿಗೆ ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕಾದರೆ ಅಂಗೈಯ ಹಿಂಬದಿಯಿಂದಲೇ ಹೊಡೆಯಬೇಕು. ಅದು ಒಡೆಯನು ಆಳನ್ನು ಅವಮಾನಿಸುವ ಹೊಡೆತವಾಗಿತ್ತೆಂದೂ, ಆಳು ಓಡದೆ, ತಿರುಗಿ ಹೊಡೆಯದೆ, ಎಡಗೆನ್ನೆಯನ್ನು ನೀಡಿ ನಿಂತರೆ ‘ನಾನೂ ನಿನ್ನ ಸಮಾನನೇ’ ಎಂದು ಸಾರಿದಂತಾಗುತ್ತಿತ್ತೆಂದೂ ಕೆಲವು ವಿದ್ವಾಂಸರು ವಿವರಿಸಿದ್ದಾರೆ. ಈ ವಿವರಣೆಯನ್ನು ಒಪ್ಪಿದರೂ ಬಿಟ್ಟರೂ, ತಿರುಗಿ ಹೊಡೆಯುವುದು ಮತ್ತು ಬೆನ್ನು ತೋರಿಸಿ ಓಡುವುದು ಎಂಬ ಎರಡು ದಾರಿಗಳಲ್ಲದೆ ಮೂರನೆಯದೂ ಒಂದಿದೆ ಎಂಬುದು ಸ್ಪಷ್ಟ.

ನಾಗಪುರದ ರೈಲುಗಾಡಿಯಲ್ಲಿ

ಈ ಬೋಧನೆಗೂ ನಮ್ಮ ನಾಗಪುರಕ್ಕೂ ಹತ್ತಿರದ ಸಂಬಂಧವೊಂದಿದೆ. ಮರಾಠಿಯ ಹೆಸರಾಂತ ಕವಿ ನಾರಾಯಣ ವಾಮನ ಟಿಳಕರು (೧೮೬೧–೧೯೧೯) ಕೊಂಕಣದ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು. ಅವರು ನಾಗಪುರದಲ್ಲಿ ಅಪ್ಪಾಸಾಹೇಬ ಬುಟಿಯವರ ಆಶ್ರಯದಲ್ಲಿ ಸಂಸ್ಕೃತ ಗ್ರಂಥಗಳ ಕೆಲಸ ಮಾಡುತ್ತಿದ್ದರು. ಮುಂದೆ ಇಲ್ಲಿಂದ ರಾಜನಾಂದಗಾಂವಿಗೆ ರೈಲಿನಲ್ಲಿ ಪ್ರಯಾಣ ಮಾಡುವಾಗ ಸಹಪ್ರಯಾಣಿಕನಾಗಿದ್ದ ಐರೋಪ್ಯನೊಬ್ಬನು ಅವರಿಗೆ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟನು. ಓದುತ್ತ ಓದುತ್ತ ಪರ್ವತ ಪ್ರಸಂಗಕ್ಕೆ ಬಂದಾಗ ಟಿಳಕರು ಆ ಪುಟಗಳನ್ನು ಬಿಟ್ಟೇಳಲಾರದೆ ಹೋದರು. ೧೮೯೫ರಲ್ಲಿ ಮುಂಬಯಿಯಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು.

ಕಲಹವು ಆರಂಭವಾದುದು ಆಮೇಲೆ, ಅದೂ ಸ್ವಂತ ಮನೆಯಲ್ಲಿ. ಪತ್ನಿ ಲಕ್ಷ್ಮೀಬಾಯಿಯವರು ಮಡಿಮೈಲಿಗೆಯ ಕಟ್ಟುನಿಟ್ಟಿನಲ್ಲಿ ಬೆಳೆದವರು. ಪತಿಯ ಮತಾಂತರವು ಅವರಿಗೆ ಸಿಡಿಲೆರಗಿದಂತಾಯಿತು. ಬಂಧುಗಳು ಆಕೆಯನ್ನು ಕರೆದೊಯ್ದರು. ಕೆಲವು ವರ್ಷಗಳ ಕಾಲ ಸತಿಪತಿಗಳು ಬೇರೆ ಬೇರೆಯಾಗಿಯೇ ಇರಬೇಕಾಯಿತು. ಮತ್ತೆ ಪತಿಯ ಬಳಿಗೆ ಬಂದಾಗಲೂ ಆಕೆಯ ಅಡುಗೆ ಬೇರೆ, ಆಚಾರ ಬೇರೆ. ಟಿಳಕರು ಶಾಂತಮೂರ್ತಿಗಳೇನೂ ಆಗಿರಲಿಲ್ಲ. ಅವರ ಮುಂಗೋಪವನ್ನು ಲಕ್ಷ್ಮೀಬಾಯಿಯವರು ತಮ್ಮ ಆತ್ಮಕಥೆ ‘ಸ್ಮೃತಿಚಿತ್ರೆ’ಯಲ್ಲಿ ನಗುನಗುತ್ತಲೇ, ಏನನ್ನೂ ಮುಚ್ಚಿಡದೆ ಬರೆದಿದ್ದಾರೆ. ಆದರೆ ಧರ್ಮದ ವಿಷಯದಲ್ಲಿ ಪತಿಯು ಪತ್ನಿಯನ್ನು ಬಲಾತ್ಕರಿಸಲಿಲ್ಲ. ಜಾತಿಯ ಮೇಲುಕೀಳು ದೇವರು ಮಾಡಿದ್ದಲ್ಲ, ಮನುಷ್ಯರು ಮಾಡಿದ್ದು ಎಂಬ ಅರಿವು ಆಕೆಗೆ ತನ್ನಿಂದ ತಾನೇ ಮೂಡಿತು. ೧೯೦೦ರಲ್ಲಿ ಆಕೆಯೂ ಸ್ವಇಚ್ಛೆಯಿಂದ ದೀಕ್ಷಾಸ್ನಾನ ಪಡೆದರು. ಇತ್ತ ಟಿಳಕರು ಸಂತ ತುಕಾರಾಮರನ್ನು ತೊರೆಯದೆ, ಅಭಂಗದ ಧಾಟಿಯಲ್ಲಿಯೇ ಕ್ರಿಸ್ತನನ್ನು ಹಾಡಿದರು. ನಂಬಿಕೆಯು ಬದಲಾದರೂ ನೆಲದ ನಂಟು ಹರಿಯಬೇಕಾಗಿಲ್ಲ ಎಂಬುದನ್ನು ಈ ದಂಪತಿಗಳ ಬಾಳು ತೋರಿಸುತ್ತದೆ.

ತಿರುಳ್ಗನ್ನಡದ ತಿರುಕ

ಕನ್ನಡ ನಾಡಿನಲ್ಲಿ ಇದೇ ದಾರಿಯಲ್ಲಿ ಇನ್ನೂ ಮುಂದೆ ನಡೆದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ೧೮೮೧ರ ಅಕ್ಟೋಬರ್ ೨೮ರಂದು ಧಾರವಾಡದಲ್ಲಿ ಜನಿಸಿ, ಮಂಗಳೂರಿನ ಬಾಸೆಲ್ ಮಿಷನ್ ದೈವಜ್ಞಾನ ಶಾಲೆಯಲ್ಲಿ ಕಲಿತು ಅವರು ಸಭಾಪಾಲಕರಾದರು. ಮಿಷನರಿಗಳಿಗೂ ಈ ನಾಡಿನ ಧರ್ಮಪಂಡಿತರಿಗೂ ನಡುವೆ ವಾದವಿವಾದಗಳು ನಡೆಯುತ್ತಿದ್ದ ಕಾಲವದು. ಒಬ್ಬರು ಇನ್ನೊಬ್ಬರ ದೇವರನ್ನು ಹಳಿಯುವುದೇ ಧರ್ಮಪ್ರಚಾರವೆಂದು ಭಾವಿಸಿದವರು ಎರಡು ಪಕ್ಷಗಳಲ್ಲಿಯೂ ಇದ್ದರು. ಇಂತಹ ವೇಳೆಯಲ್ಲಿ ೧೯೨೧ರಲ್ಲಿ ಉತ್ತಂಗಿಯವರು ಪ್ರಕಟಿಸಿದ ಪುಸ್ತಕದ ಹೆಸರನ್ನೇ ಗಮನಿಸಬೇಕು: ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಸವಾಲು ಅಲ್ಲ, ಖಂಡನೆಯೂ ಅಲ್ಲ, ವಿನಂತಿ.

ಅನಂತರ ಅವರು ಮಾಡಿದ ಕೆಲಸವು ಕನ್ನಡಿಗರೆಲ್ಲರೂ ಬಲ್ಲಂತಹುದು. ಊರೂರು ಅಲೆದು, ಓಲೆಗರಿಗಳನ್ನೂ ಕೈಬರಹದ ಪ್ರತಿಗಳನ್ನೂ ಜನರ ಬಾಯಲ್ಲಿದ್ದ ಪದ್ಯಗಳನ್ನೂ ಕೂಡಿಸಿ, ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚುಕಟ್ಟಾಗಿ ಹೊರತಂದರು. ಬಳಿಕ ಶಿವಶರಣರ ವಚನ ಸಾಹಿತ್ಯದ ಅಧ್ಯಯನಕ್ಕೆ ಬಾಳನ್ನು ಮುಡಿಪಾಗಿಟ್ಟು, ಬಸವಣ್ಣನವರ ಅನುಭವ ಮಂಟಪವು ಐತಿಹಾಸಿಕ ಸತ್ಯವೆಂದು ಪ್ರತಿಪಾದಿಸುವ ಗ್ರಂಥವನ್ನೂ ಬರೆದರು. ಕ್ರೈಸ್ತ ಪಾದ್ರಿಯೊಬ್ಬರು ಶರಣರ ಪರವಾಗಿ ವಾದಿಸಿದರು! ತಮ್ಮ ನಂಬಿಕೆಯನ್ನು ಅವರು ಬಿಡಲಿಲ್ಲ. ಪರರ ನಂಬಿಕೆಯಲ್ಲಿರುವ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳಲೂ ಇಲ್ಲ. ಕನ್ನಡಿಗರು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಅಕ್ಕರೆಯಿಂದ ಕರೆದರು.

೧೯೪೯ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರೇ ಅಧ್ಯಕ್ಷರು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿದ್ದು ೧೯೪೮ರ ಸೆಪ್ಟೆಂಬರಿನಲ್ಲಿ. ರಜಾಕಾರರ ಹಾವಳಿಯಲ್ಲಿಯೂ ಅದರ ಬೆನ್ನಿಗೆ ಬಂದ ಸೇಡಿನ ಕೃತ್ಯಗಳಲ್ಲಿಯೂ ಆ ಸೀಮೆಯ ಹಿಂದೂಗಳೂ ಮುಸಲ್ಮಾನರೂ ಅಪಾರವಾಗಿ ನೊಂದಿದ್ದರು. ಆ ಗಾಯಗಳು ಇನ್ನೂ ಹಸಿಯಾಗಿದ್ದಾಗ, ಅದೇ ಊರಿನಲ್ಲಿ ಸೇರಿದ ಕನ್ನಡಿಗರ ಮಹಾಸಭೆಯ ಪೀಠದಲ್ಲಿ ಎರಡು ಪಕ್ಷಗಳಿಗೂ ಸೇರದ, ಎಲ್ಲರಿಗೂ ಬೇಕಾದ ಕ್ರೈಸ್ತ ಹಿರಿಯರೊಬ್ಬರು ಕುಳಿತಿದ್ದರು. ದಶಕಗಳ ಕಾಲ ನೆರೆಯವರ ಮಾತನ್ನು ಪ್ರೀತಿಯಿಂದ ಆಲಿಸಿದವನಿಗೆ ದೊರೆಯುವ ಅಧಿಕಾರವದು. ಅವರು ೧೯೬೨ರಲ್ಲಿ ತೀರಿಕೊಂಡರು.

ಬಾರಿಪದದ ತಾಯಿ

ವಾದದ ಕಲಹಕ್ಕಿಂತ ರಕ್ತದ ಕಲಹವು ಘೋರವಾದುದು. ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸರು ೧೯೬೫ರಿಂದ ಒರಿಸ್ಸಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದವರು. ೧೯೯೯ರ ಜನವರಿ ೨೨ರ ರಾತ್ರಿ, ಕೇಂದುಝರ್ ಜಿಲ್ಲೆಯ ಮನೋಹರಪುರದಲ್ಲಿ ಅವರೂ ಅವರ ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಇಬ್ಬರೂ ವಾಹನದಲ್ಲಿ ಮಲಗಿದ್ದಾಗ ಗುಂಪೊಂದು ಬೆಂಕಿಯಿಟ್ಟು ಮೂವರನ್ನೂ ಸುಟ್ಟಿತು.

ಮನೆಯಲ್ಲಿ ಉಳಿದವರು ಪತ್ನಿ ಗ್ಲಾಡಿಸ್ ಮತ್ತು ಮಗಳು ಎಸ್ತರ್. ಕೊಂದವರನ್ನು ತಾವು ಕ್ಷಮಿಸಿದ್ದೇವೆಂದು ಗ್ಲಾಡಿಸರು ಬಹಿರಂಗವಾಗಿ ಸಾರಿದರು. ದೇಶ ಬಿಟ್ಟು ಹೋಗಲು ಆಕೆಗೆ ಎಲ್ಲ ಕಾರಣಗಳೂ ಇದ್ದುವು. ಹೋಗಲಿಲ್ಲ. ಬಾರಿಪದದ ಕುಷ್ಠಧಾಮದಲ್ಲಿ ಗಂಡನ ಕೆಲಸವನ್ನು ಮುಂದುವರಿಸಿ, ಗಂಡನ ಹೆಸರಿನಲ್ಲಿ ಆಸ್ಪತ್ರೆಯೂ ಆದ ಮೇಲೆ ೨೦೦೪ರಲ್ಲಿ ಸ್ವದೇಶಕ್ಕೆ ತೆರಳಿದರು. ೨೦೦೫ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಬಾಬಾ ಆಮಟೆಯವರ ಆನಂದವನವನ್ನೂ, ಸೇವಾಗ್ರಾಮದಲ್ಲಿ ಗಾಂಧೀಜಿಯವರು ಕುಷ್ಠರೋಗಿ ಪರಚುರೆ ಶಾಸ್ತ್ರಿಗಳಿಗೆ ಸ್ವತಃ ಮಾಡಿದ ಶುಶ್ರೂಷೆಯನ್ನೂ ಬಲ್ಲ ನಮ್ಮ ವಿದರ್ಭದವರಿಗೆ ಈ ಸೇವೆಯ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ರಾಖಿಯ ದಾರ

ನಮಗೆ ಇನ್ನೂ ಹತ್ತಿರದ ಮಧ್ಯಪ್ರದೇಶದಲ್ಲಿ ನಡೆದುದು ಇನ್ನೊಂದು ಸಂಗತಿ. ಕೇರಳದ ಸೋದರಿ ರಾಣಿ ಮರಿಯಾ ಅವರು ದೇವಾಸ್ ಜಿಲ್ಲೆಯ ಉದಯನಗರದ ಸುತ್ತಮುತ್ತ ಬಡ ಕೃಷಿಕರನ್ನೂ ಆದಿವಾಸಿಗಳನ್ನೂ ಸಂಘಟಿಸಿ, ಸಾಹುಕಾರರ ಬಡ್ಡಿಯ ಹಿಡಿತದಿಂದ ಬಿಡಿಸಲು ಶ್ರಮಿಸುತ್ತಿದ್ದರು. ಇದರಿಂದ ಕೆರಳಿದವರು ಒಬ್ಬ ತರುಣನನ್ನು ಎತ್ತಿಕಟ್ಟಿದರು. ೧೯೯೫ರ ಫೆಬ್ರುವರಿ ೨೫ರಂದು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದ ಆಕೆಯನ್ನು ಅವನು ಸಹಪ್ರಯಾಣಿಕರ ಕಣ್ಣೆದುರಿಗೇ ಇರಿದು ಕೊಂದನು.

ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ೨೦೦೨ರ ರಕ್ಷಾಬಂಧನದ ಸಮಯದಲ್ಲಿ ಮೃತಳ ಒಡಹುಟ್ಟಿದ ತಂಗಿ, ತಾನೂ ಸಂನ್ಯಾಸಿನಿಯಾದ ಸೋದರಿ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅಕ್ಕನ ಕೊಲೆಗಾರನ ಕೈಗೆ ರಾಖಿ ಕಟ್ಟಿ ಅಣ್ಣನೆಂದು ಕರೆದಳು. ಕುಟುಂಬದವರ ಕೋರಿಕೆಯೂ ಸೇರಿ ೨೦೦೬ರಲ್ಲಿ ಅವನ ಬಿಡುಗಡೆಯಾಯಿತು. ಅನಂತರ ಅವನು ಕೇರಳಕ್ಕೆ ಹೋಗಿ ಆ ಮನೆಯ ಹಿರಿಯರನ್ನು ಕಂಡಾಗ, ಮಗಳನ್ನು ಕಳೆದುಕೊಂಡ ತಾಯಿಯು ಅವನ ಕೈಗಳಿಗೆ ಮುತ್ತಿಟ್ಟಳು. ೨೦೧೭ರ ನವೆಂಬರ್ ೪ರಂದು ಇಂದೂರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿದ ಸಮಾರಂಭದಲ್ಲಿ ಅವನೂ ಇದ್ದನು. ಹಿಂದೂಗಳ ಹಬ್ಬದ ದಾರದಿಂದಲೇ ಕ್ರೈಸ್ತ ಹೆಣ್ಣುಮಗಳೊಬ್ಬಳು ಕ್ಷಮೆಯ ಗಂಟನ್ನು ಹಾಕಿದಳೆಂಬುದು ಮರೆಯತಕ್ಕ ಮಾತಲ್ಲ.

ಕ್ಷಮೆ ಬೇರೆ, ಅನ್ಯಾಯಕ್ಕೆ ತಲೆಬಾಗುವುದು ಬೇರೆ

ಇಲ್ಲಿ ವಾಚಕರ ಮನಸ್ಸಿನಲ್ಲಿ ಒಂದು ಪ್ರಶ್ನೆಯೇಳುವುದು ಸಹಜ. ಎಲ್ಲರೂ ಹೀಗೆ ಕ್ಷಮಿಸುತ್ತ ಹೋದರೆ ದುಷ್ಟರಿಗೆ ಅಂಕೆಯೆಲ್ಲಿ? ಗ್ಲಾಡಿಸರು ಕ್ಷಮಿಸಿದರು, ಆದರೆ ನ್ಯಾಯಾಲಯವು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ, ನಿಲ್ಲಿಸಬೇಕೆಂದು ಆಕೆಯೂ ಕೇಳಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು ೨೦೧೧ರಲ್ಲಿ ಎತ್ತಿಹಿಡಿಯಿತು. ಕ್ಷಮೆಯು ನೊಂದವರ ಹೃದಯಕ್ಕೆ ಸಂಬಂಧಪಟ್ಟುದು. ಶಿಕ್ಷೆಯು ಸಮಾಜದ ರಕ್ಷಣೆಗೆ ಸಂಬಂಧಪಟ್ಟುದು. ಇವೆರಡನ್ನೂ ಕಲಸುಮೇಲೋಗರ ಮಾಡಬಾರದು.

ಕರ್ನಾಟಕದಲ್ಲಿಯೂ ಈ ಪರೀಕ್ಷೆ ಬಂದುದುಂಟು. ೨೦೦೮ರ ಸೆಪ್ಟೆಂಬರ್ ೧೪ರಂದು ಮಂಗಳೂರಿನಲ್ಲಿಯೂ ಬೇರೆ ಕೆಲವು ಕಡೆಗಳಲ್ಲಿಯೂ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದುವು. ರೊಚ್ಚಿಗೆದ್ದು ಬೀದಿಗಿಳಿದ ತರುಣರೂ ಇದ್ದರು. ಸೇಡು ಬೇಡ, ಶಾಂತಿಯಿಂದಲೇ ನ್ಯಾಯ ಕೇಳೋಣವೆಂದು ಅವರನ್ನು ತಡೆದ ಹಿರಿಯರೂ ಇದ್ದರು. ಸರಕಾರವು ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. ಶಾಂತಿಯೆಂದರೆ ಮೌನವಲ್ಲ, ನೊಂದವರು ಸತ್ಯವನ್ನು ಗಟ್ಟಿಯಾಗಿ ನುಡಿಯಬೇಕು, ಆದರೆ ಕೈಯಲ್ಲಿ ಕಲ್ಲು ಇರಬಾರದು.

ವರ್ಧೆಯ ಮಗನವಾಡಿಯಲ್ಲಿ ಗ್ರಾಮೋದ್ಯೋಗ ಸಂಘವನ್ನು ನಡೆಸಿದ ಜೆ. ಸಿ. ಕುಮಾರಪ್ಪನವರು ಇದಕ್ಕೆ ಉತ್ತಮ ನಿದರ್ಶನ. ಅವರು ನಿಷ್ಠಾವಂತ ಕ್ರೈಸ್ತರು. ಯೇಸುವಿನ ಬೋಧನೆಯನ್ನು ಕುರಿತ ಪುಸ್ತಕವನ್ನು ಅವರು ಬರೆದದ್ದು ಬ್ರಿಟಿಷರ ಸೆರೆಮನೆಯಲ್ಲಿ. ಕ್ರೈಸ್ತರೆನಿಸಿಕೊಂಡ ಆಳರಸರ ಹಿಂಸೆಯನ್ನು ಕ್ರಿಸ್ತನ ಹೆಸರಿನಲ್ಲಿಯೇ ಅವರು ಪ್ರಶ್ನಿಸಿದರು. ಪರರ ತಪ್ಪನ್ನು ಎತ್ತಿ ಆಡುವುದು ಸುಲಭ. ತನ್ನವರ ತಪ್ಪನ್ನು ಅಂಜದೆ ಹೇಳುವುದು ಶಾಂತಿಯ ಕಠಿಣವಾದ ಪಾಠ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಗಂಡನಿಂದ ದಿನವೂ ಪೆಟ್ಟು ತಿನ್ನುವ ಹೆಣ್ಣುಮಗಳಿಗೆ ‘ಕ್ಷಮಿಸಿ ಸಹಿಸಿಕೋ ತಾಯಿ’ ಎಂದು ಬುದ್ಧಿ ಹೇಳುವುದು ಧರ್ಮವಲ್ಲ. ಆಕೆಗೆ ಮೊದಲು ಬೇಕಾದುದು ಸುರಕ್ಷಿತವಾದ ಆಶ್ರಯ ಮತ್ತು ಕಾನೂನಿನ ನೆರವು. ಅದಕ್ಕಾಗಿಯೇ ೨೦೦೫ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ. ಕ್ಷಮೆಯನ್ನು ನೊಂದವರು ಕೊಡಬಹುದೇ ಹೊರತು, ಪಕ್ಕದಲ್ಲಿ ನಿಂತವರು ಅದನ್ನು ಅವರಿಂದ ವಸೂಲು ಮಾಡತಕ್ಕದ್ದಲ್ಲ.

ವೈದ್ಯರು ಹೇಳುವುದೇನು?

ಸಿಟ್ಟು ಬಂದಾಗ ಶರೀರದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ರಸಗಳು ಹೆಚ್ಚುತ್ತವೆ. ಎದೆಬಡಿತ ಚುರುಕಾಗುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಹುಲಿಯಿಂದ ಪಾರಾಗಬೇಕಾದ ಗಳಿಗೆಯಲ್ಲಿ ಇದು ಉಪಕಾರಿ. ಆದರೆ ಹಗೆಯನ್ನು ಮನಸ್ಸಿನಲ್ಲಿ ಮೆಲುಕು ಹಾಕುತ್ತಿರುವವನಿಗೆ ಹುಲಿಯು ಎಂದೂ ಹೋಗುವುದಿಲ್ಲ. ದೇಹವು ಸದಾ ಕಾದಾಟಕ್ಕೆ ಸಜ್ಜಾಗಿಯೇ ಇರುತ್ತದೆ. ೨೦೧೪ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಹಿಂದಿನ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿ, ತೀವ್ರ ಕೋಪ ಸಿಡಿದ ಅನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವವು ಸುಮಾರು ಐದು ಪಟ್ಟಿನಷ್ಟಾಗುವುದೆಂದು ಕಂಡುಕೊಂಡಿತು. ಆರೋಗ್ಯವಂತನಿಗೆ ಒಂದು ಸಲದ ಕೋಪದಿಂದ ಒದಗುವ ಅಪಾಯ ಅಲ್ಪವೇ. ಆದರೆ ಹೃದ್ರೋಗವಿದ್ದವರು ದಿನಕ್ಕೆ ಹಲವು ಬಾರಿ ಕೋಪಗೊಳ್ಳುತ್ತಿದ್ದರೆ ಲೆಕ್ಕವು ಬೇರೆಯಾಗುತ್ತದೆ.

ಕ್ಷಮೆಯನ್ನೂ ಈಗ ವಿಜ್ಞಾನಿಗಳು ಪರೀಕ್ಷಿಸಿ ನೋಡುತ್ತಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಎವೆರೆಟ್ ವರ್ಥಿಂಗ್ಟನ್ನರು ಈ ವಿಷಯದಲ್ಲಿ ಪ್ರಸಿದ್ಧರು. ೧೯೯೬ರ ಹೊಸ ವರ್ಷದ ವೇಳೆಗೆ ಅವರ ತಾಯಿಯೇ ಮನೆಗೆ ನುಗ್ಗಿದವನಿಂದ ಕೊಲೆಯಾದರು. ತಾವು ಪರರಿಗೆ ಬೋಧಿಸಿದ್ದನ್ನು ತಾವೇ ಆಚರಿಸಬೇಕಾದ ಗಳಿಗೆ ಅವರಿಗೆ ಹೀಗೆ ಬಂದೊದಗಿತು. ಅವರ ಕ್ರಮದಲ್ಲಿ ಐದು ಮೆಟ್ಟಿಲುಗಳಿವೆ: ಆದ ನೋವನ್ನು ಮುಚ್ಚಿಡದೆ ನೆನೆಯುವುದು, ನೋಯಿಸಿದವನ ಸ್ಥಿತಿಯನ್ನು ಅವನ ಕಡೆಯಿಂದ ಊಹಿಸುವುದು, ಕ್ಷಮೆಯನ್ನು ದಾನವೆಂದು ಕೊಡುವುದು, ಆ ನಿಶ್ಚಯವನ್ನು ಬರೆದೋ ಹೇಳಿಯೋ ದೃಢಪಡಿಸುವುದು, ಸಿಟ್ಟು ಮರಳಿ ಬಂದಾಗ ನಿಶ್ಚಯವನ್ನು ಬಿಡದೆ ಹಿಡಿದುಕೊಳ್ಳುವುದು. ಈ ಕ್ರಮದ ಕಿರುಪುಸ್ತಕವನ್ನು ಐದು ದೇಶಗಳ ೪,೫೯೮ ಜನರಲ್ಲಿ ಪ್ರಯೋಗಿಸಿ ನೋಡಿದ ಫಲಿತಾಂಶವು ೨೦೨೪ರಲ್ಲಿ ಪ್ರಕಟವಾಯಿತು. ಅದನ್ನು ಅಭ್ಯಾಸ ಮಾಡಿದವರಲ್ಲಿ ಕ್ಷಮಾಗುಣ ಹೆಚ್ಚಿ, ಖಿನ್ನತೆ ಮತ್ತು ಆತಂಕಗಳು ಕಡಿಮೆಯಾದುವು.

ದಿನನಿತ್ಯದ ಆಚರಣೆ

ನಮ್ಮೆಲ್ಲರಿಗೂ ಗ್ಲಾಡಿಸರಂತಹ ಅಗ್ನಿಪರೀಕ್ಷೆ ಬಾರದಿರಲಿ. ನಮಗೆ ಬರುವುವು ಚಿಕ್ಕ ಕಲಹಗಳು: ಮೇಲಿನ ಮನೆಯ ಕೊಳಾಯಿಯ ಸೋರಿಕೆ, ವಾಹನ ನಿಲ್ಲಿಸುವ ಜಾಗ, ಸೊಸೈಟಿಯ ಸಭೆಯ ಕಟುಮಾತು, ಹಬ್ಬದ ದಿನದ ಧ್ವನಿವರ್ಧಕ, ಊರಿನ ಆಸ್ತಿಯ ಪಾಲಿನಲ್ಲಿ ಅಣ್ಣತಮ್ಮಂದಿರ ಮುನಿಸು. ದೊಡ್ಡ ಹಗೆಗಳೂ ಇಂತಹ ಚಿಕ್ಕ ಕಿಡಿಗಳಿಂದಲೇ ಹೊತ್ತುತ್ತವೆ. ಕೆಲವು ಸೂಚನೆಗಳು ಉಪಯೋಗವಾಗಬಹುದು.

ಮೊದಲನೆಯದಾಗಿ, ಸಿಟ್ಟು ಬಂದ ಗಳಿಗೆಯಲ್ಲಿ ಉತ್ತರ ಕೊಡಬಾರದು. ಮುಖ್ಯವಾಗಿ ಮೊಬೈಲಿನ ವಾಟ್ಸಪ್ ಗುಂಪಿನಲ್ಲಿ ಬರೆಯಬಾರದು. ಬಾಯಿಮಾತು ಗಾಳಿಯಲ್ಲಿ ಕರಗುತ್ತದೆ, ಬರಹವು ನೂರು ಜನರ ಕೈಗೆ ಸಿಕ್ಕು ಉಳಿಯುತ್ತದೆ. ಎರಡನೆಯದಾಗಿ, ಮನಸ್ತಾಪವಾದವರ ಮನೆಗೆ ತಾವೇ ಹೋಗಿ, ಮೂರನೆಯವರಿಲ್ಲದೆ ಮಾತನಾಡಬೇಕು. ಸುವಾರ್ತೆಯೂ ಇದೇ ಕ್ರಮವನ್ನು ಹೇಳುತ್ತದೆ: ಮೊದಲು ಇಬ್ಬರೇ ಇದ್ದಾಗ, ಅದರಿಂದಾಗದಿದ್ದರೆ ಒಬ್ಬಿಬ್ಬರು ಹಿರಿಯರ ಸಮಕ್ಷಮದಲ್ಲಿ, ಕೊನೆಗೆ ಮಾತ್ರ ಸಭೆಯ ಮುಂದೆ. ಮೂರನೆಯದಾಗಿ, ಅವರ ಭಾಷೆಯಲ್ಲಿ ಮಾತನಾಡಬೇಕು. ತಪ್ಪುತಪ್ಪಾಗಿಯಾದರೂ ಮರಾಠಿಯಲ್ಲಿ ‘ಕಾಕೂ’ ಎಂದು ಕರೆದು ಆರಂಭಿಸಿದ ಮಾತು ಅರ್ಧ ಜಗಳವನ್ನು ಅಲ್ಲಿಯೇ ಇಳಿಸುತ್ತದೆ. ನಾಲ್ಕನೆಯದಾಗಿ, ಹಿರಿಯರ ಮುನಿಸಿನ ಮಾತುಗಳನ್ನು ಮಕ್ಕಳ ಮುಂದೆ ಆಡಬಾರದು. ಹಗೆಯು ಆಸ್ತಿಯಂತೆ ವಂಶಪಾರಂಪರ್ಯವಾಗಿ ಬರುವುದು ಹಾಗೆಯೇ.

ಸಂಕ್ರಾಂತಿಯಂದು ನಾವು ಎಳ್ಳುಬೆಲ್ಲ ಬೀರಿ ಒಳ್ಳೆಯ ಮಾತನಾಡೆಂದು ಹಾರೈಸುತ್ತೇವೆ. ನಮ್ಮ ಮರಾಠಿ ನೆರೆಯವರು ತಿಳಗುಳ ಕೊಟ್ಟು ಸಿಹಿಯಾಗಿ ಮಾತನಾಡೆಂದು ಹಾರೈಸುತ್ತಾರೆ. ಎರಡು ನಾಡುಗಳ ಹಿರಿಯರು ಒಂದೇ ಔಷಧವನ್ನು ಒಂದೇ ದಿನಕ್ಕೆ ಬರೆದುಕೊಟ್ಟಿದ್ದಾರೆ. ಆ ದಿನ ಮಾತು ಬಿಟ್ಟವರ ಮನೆಗೆ ಮೊದಲು ಹೋಗಿ, ಆಪ್ತರ ಮನೆಗೆ ಆಮೇಲೆ ಹೋಗುವ ಪದ್ಧತಿಯನ್ನು ನಾವು ಇಟ್ಟುಕೊಂಡರೆ, ಪರ್ವತ ಪ್ರಸಂಗದ ಬೋಧನೆಯನ್ನು ಆಚರಿಸಿದಂತೆಯೂ ಆಗುತ್ತದೆ, ಹಬ್ಬವನ್ನು ಹಬ್ಬವಾಗಿ ಮಾಡಿದಂತೆಯೂ ಆಗುತ್ತದೆ.

ಕ್ಷಮಿಸಿದೊಡನೆ ಎಲ್ಲರ ಮನಸ್ಸೂ ಬದಲಾಗುವುದೆಂದು ಯಾರೂ ಭರವಸೆ ಕೊಡಲಾರರು. ಮನೋಹರಪುರದಲ್ಲಿ ಸತ್ತ ಮಕ್ಕಳು ಮರಳಿ ಬರಲಿಲ್ಲ. ಆದರೆ ಬಾರಿಪದದ ರೋಗಿಗಳಿಗೆ ಮರುದಿನವೂ ಔಷಧವೂ ಆರೈಕೆಯೂ ದೊರೆತುವು. ಹಗೆಯು ನಿಲ್ಲಿಸಬೇಕೆಂದಿದ್ದ ಕೆಲಸವು ನಿಲ್ಲಲಿಲ್ಲ. ಪ್ರೀತಿಯ ಗೆಲುವೆಂದರೆ ಇಷ್ಟೇ, ಇದಕ್ಕಿಂತ ಕಡಿಮೆಯೂ ಅಲ್ಲ.